ತಂತ್ರಾಂಶ ಕೊಡುಗೆ ಮತ್ತು ಬೌದ್ಧಿಕ ಆಸ್ತಿ ಪರಿಶೀಲನೆ

ಮುಕ್ತ ತಂತ್ರಾಂಶ ಪ್ರತಿಷ್ಠಾನಕ್ಕೆ ಕೋಡ್ ಕೊಡಲು ಬಂದವರಿಗೆ ಅದನ್ನು ಕೊಡುವ ಹಕ್ಕಿದೆಯೇ, ಅದರೊಳಗೆ ಬೇರೆಯವರ ಬರಹ ಸೇರಿದೆಯೇ, ಸೇರಿದ್ದರೆ ಯಾವ ಷರತ್ತಿನ ಮೇಲೆ ಸೇರಿದೆ ಎಂದು ಪ್ರತಿಷ್ಠಾನ ವಿಚಾರಿಸಿ ದಾಖಲಿಸಿಕೊಳ್ಳುವ ಕ್ರಮವೇ ಬೌದ್ಧಿಕ ಆಸ್ತಿ ಪರಿಶೀಲನೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್, ಎಕ್ಲಿಪ್ಸ್ ಫೌಂಡೇಶನ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮೊದಲಾದವು ಒಂದಲ್ಲ ಒಂದು ರೀತಿಯಲ್ಲಿ ಇದನ್ನು ನಡೆಸುತ್ತವೆ. ಕೋಡ್ ಚೆನ್ನಾಗಿ ಓಡುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದು ಯಾರದ್ದು ಎಂಬುದಷ್ಟೇ ಪ್ರಶ್ನೆ.

ಬೆಳಗಾವಿ ಸೀಮೆಯವರಿಗೆ ಈ ವಿಚಾರ ಹೊಲದ ವ್ಯವಹಾರದಿಂದಲೇ ಗೊತ್ತು. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ತುಕ್ಕಾನಟ್ಟಿಯಂಥ ಊರಿನಲ್ಲಿ ಹೊಲ ಖರೀದಿಸುವವರು ಮೊದಲು ಉತಾರ ತೆಗೆಸುತ್ತಾರೆ. ಅಣ್ಣತಮ್ಮಂದಿರ ವಾಟಣಿ ಆಗಿದೆಯೇ, ವಾರಸಾ ಹೆಸರುಗಳು ಏರಿವೆಯೇ, ಸೊಸೈಟಿಯ ಬೋಜಾ ಉಳಿದಿದೆಯೇ ಎಂದು ನೋಡುತ್ತಾರೆ. ಮಾರುವವನು ಎಷ್ಟೇ ಒಳ್ಳೆಯವನಿರಲಿ, ನೋಡದೆ ಕೊಂಡರೆ ನಾಳೆ ಕೋರ್ಟಿನ ಮೆಟ್ಟಿಲು ಹತ್ತುವವನು ಕೊಂಡವನೇ. ದಾನವಾಗಿ ಬಂದ ಹೊಲಕ್ಕೂ ಇದೇ ನಿಯಮ, ದಾನವಾಗಿ ಬಂದ ಕೋಡಿಗೂ ಇದೇ ನಿಯಮ. ಕೊಡುವ ಮನಸ್ಸು ಇದ್ದರೆ ಸಾಲದು, ಕೊಡುವ ಹಕ್ಕೂ ಇರಬೇಕು. ಆಗ ಮಾತ್ರ ದಾನ ಪೂರ್ಣವಾಗುತ್ತದೆ.

ವ್ಯಾಪ್ತಿ

ಬೌದ್ಧಿಕ ಆಸ್ತಿ ಎಂಬ ಒಂದೇ ಹೆಸರಿನ ಕೆಳಗೆ ಹಲವು ಹಕ್ಕುಗಳಿವೆ. ತಂತ್ರಾಂಶದ ಮಟ್ಟಿಗೆ ಮುಖ್ಯವಾದವು ನಾಲ್ಕು. ಮೊದಲನೆಯದು ಹಕ್ಕುಸ್ವಾಮ್ಯ. ಬರೆದ ಸಾಲುಗಳ ಮೇಲಿನ ಈ ಹಕ್ಕು ಬರೆದ ಕ್ಷಣದಿಂದಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಎರಡನೆಯದು ಪೇಟೆಂಟ್. ಇದು ಬರೆದ ಸಾಲಿಗಲ್ಲ, ಸಾಲಿನ ಹಿಂದಿನ ವಿಧಾನಕ್ಕೆ ಸಿಗುವ ಹಕ್ಕು. ಮೂರನೆಯದು ಟ್ರೇಡ್‌ಮಾರ್ಕ್, ಅಂದರೆ ಯೋಜನೆಯ ಹೆಸರು ಮತ್ತು ಚಿಹ್ನೆ. ನಾಲ್ಕನೆಯದು ವ್ಯಾಪಾರ ರಹಸ್ಯ, ಅಂದರೆ ಕಂಪನಿಯೊಂದು ಗುಟ್ಟಾಗಿಟ್ಟ ತಿಳಿವಳಿಕೆ.

ಪರಿಶೀಲನೆಯ ಬಹುಪಾಲು ಶ್ರಮ ಮೊದಲನೆಯದಕ್ಕೇ ಹೋಗುತ್ತದೆ. ಕಾರಣ ಸರಳ. ಇಂದಿನ ತಂತ್ರಾಂಶವನ್ನು ಯಾರೂ ಬರಿಗೈಯಿಂದ ಕಟ್ಟುವುದಿಲ್ಲ. ಸಾವಿರ ಸಾಲಿನ ಚಿಕ್ಕ ಪ್ರೋಗ್ರಾಮೂ ಹತ್ತಾರು ಲೈಬ್ರರಿಗಳ ಮೇಲೆ ನಿಂತಿರುತ್ತದೆ, ಆ ಲೈಬ್ರರಿಗಳು ಮತ್ತಷ್ಟರ ಮೇಲೆ. ಪ್ರತಿಯೊಂದಕ್ಕೂ ಬೇರೆ ಬೇರೆ ಒಡೆಯರು, ಬೇರೆ ಬೇರೆ ಪರವಾನಗಿಗಳು. ಮೇಲಿನ ಪದರದವನು ತನ್ನದನ್ನು ಉದಾರವಾಗಿ ಬಿಟ್ಟುಕೊಟ್ಟರೂ ಕೆಳಗಿನ ಪದರದ ಷರತ್ತು ಅಲ್ಲೇ ಉಳಿದಿರುತ್ತದೆ.

ಬೆಳೆದು ಬಂದ ಬಗೆ

ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಗ್ನೂ ಯೋಜನೆಯ ಪ್ರಮುಖ ತಂತ್ರಾಂಶಗಳಿಗೆ ಕೋಡ್ ಕೊಡುವವರಿಂದ ಹಕ್ಕುಸ್ವಾಮ್ಯವನ್ನೇ ಬರಹದಲ್ಲಿ ವರ್ಗಾಯಿಸಿಕೊಳ್ಳುತ್ತಿತ್ತು. ಕೋಡ್ ಕೊಟ್ಟವನು ಉದ್ಯೋಗದಲ್ಲಿದ್ದರೆ ಅವನ ಮಾಲೀಕನಿಂದಲೂ ಹಕ್ಕು ಬಿಟ್ಟ ಪತ್ರ ಬರಬೇಕಾಗಿತ್ತು. ಯಾರಾದರೂ ಪರವಾನಗಿ ಮೀರಿದರೆ ಕೋರ್ಟಿನಲ್ಲಿ ನಿಲ್ಲಲು ಒಬ್ಬನೇ ಒಡೆಯನಿರಲಿ ಎಂಬುದು ಇದರ ಉದ್ದೇಶ. 1999ರಲ್ಲಿ ಸ್ಥಾಪನೆಯಾದ ಅಪಾಚೆ ಪ್ರತಿಷ್ಠಾನ ಬೇರೆ ದಾರಿ ಹಿಡಿಯಿತು. ಅಲ್ಲಿ ಒಡೆತನ ಬರೆದವನ ಬಳಿಯೇ ಉಳಿಯುತ್ತದೆ, ಪ್ರತಿಷ್ಠಾನಕ್ಕೆ ವಿಶಾಲವಾದ ಪರವಾನಗಿಯಷ್ಟೇ ಸಿಗುತ್ತದೆ.

ಲಿನಕ್ಸ್ ಕರ್ನಲ್‌ನಲ್ಲಿ ಬಹುಕಾಲ ಯಾವ ಪತ್ರವೂ ಇರಲಿಲ್ಲ. 2003ರ ಮಾರ್ಚ್‌ನಲ್ಲಿ ಎಸ್‌ಸಿಒ ಎಂಬ ಕಂಪನಿ ಐಬಿಎಂ ಮೇಲೆ ಮೊಕದ್ದಮೆ ಹೂಡಿ, ತನ್ನ ಯೂನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿದೆ ಎಂದು ವಾದಿಸಿತು. ಆ ಯೂನಿಕ್ಸ್ ಹಕ್ಕುಸ್ವಾಮ್ಯ ಎಸ್‌ಸಿಒ ಬಳಿ ಇಲ್ಲ, ನೊವೆಲ್ ಕಂಪನಿಯಲ್ಲೇ ಉಳಿದಿದೆ ಎಂದು 2010ರಲ್ಲಿ ಜ್ಯೂರಿ ತೀರ್ಮಾನಿಸಿತು. ಐಬಿಎಂ ಜೊತೆಗಿನ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2021ರಲ್ಲಿ. ಒಂದು ಆರೋಪದ ಹಿಂದೆ 18 ವರ್ಷ ಸಂದವು. ಆರೋಪ ಬಂದಾಗ ಈ ಸಾಲು ಯಾರಿಂದ, ಯಾವಾಗ, ಯಾವ ಹಕ್ಕಿನಿಂದ ಬಂತು ಎಂದು ತಕ್ಷಣ ತೋರಿಸಲು ದಾಖಲೆ ಬೇಕು ಎಂಬ ಪಾಠವನ್ನು ಲಿನಕ್ಸ್ ಸಮುದಾಯ ಬೇಗ ಕಲಿತು, 2004ರಲ್ಲಿ ‘ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್’ ಅನ್ನು ಜಾರಿಗೆ ತಂದಿತು. ಕೋಡ್ ಕಳಿಸುವವರು ಪ್ರತಿ ಬದಲಾವಣೆಯ ಕೊನೆಗೆ ತಮ್ಮ ಹೆಸರು ಮತ್ತು ಇಮೇಲ್ ಸಹಿತ ಒಂದು ಸಾಲು ಬರೆದು, ಇದನ್ನು ಕೊಡುವ ಹಕ್ಕು ತಮಗಿದೆ ಎಂದು ಘೋಷಿಸುವ ಪದ್ಧತಿ ಇದು.

ಎಕ್ಲಿಪ್ಸ್ ಯೋಜನೆಯನ್ನು ಐಬಿಎಂ 2001ರಲ್ಲಿ ಆರಂಭಿಸಿತು, 2004ರಲ್ಲಿ ಅದು ಸ್ವತಂತ್ರ ಪ್ರತಿಷ್ಠಾನವಾಯಿತು. ಹಲವು ಕಂಪನಿಗಳು ಎಕ್ಲಿಪ್ಸ್ ಕೋಡನ್ನು ತಮ್ಮ ಮಾರಾಟದ ಸರಕಿನೊಳಗೆ ಸೇರಿಸುವುದರಿಂದ ಅಲ್ಲಿಯ ಪರಿಶೀಲನೆ ವಿಶೇಷವಾಗಿ ಕಟ್ಟುನಿಟ್ಟಾಗಿ ಬೆಳೆಯಿತು. ಇದಕ್ಕೆಂದೇ ಪ್ರತ್ಯೇಕ ತಂಡವಿದೆ. ಯೋಜನೆಯ ಸದಸ್ಯರಲ್ಲದವರು ಸಾವಿರ ಸಾಲಿಗಿಂತ ಹೆಚ್ಚಿನ ಕೋಡ್ ತಂದರೆ ಅದು ಆ ತಂಡದ ಕಣ್ಣ ಮುಂದೆ ಹಾದುಹೋಗಬೇಕೆಂಬ ನಿಯಮ ಅಲ್ಲಿ ರೂಢಿಗೆ ಬಂತು. ಹೊಸ ಯೋಜನೆಯ ಮೊದಲ ಕೊಡುಗೆಗಂತೂ ಪೂರ್ಣ ತಪಾಸಣೆ ನಡೆಯುತ್ತದೆ.

ನಡೆಯುವ ಕ್ರಮ

ಪ್ರತಿಷ್ಠಾನದಿಂದ ಪ್ರತಿಷ್ಠಾನಕ್ಕೆ ವಿವರಗಳು ಬದಲಾದರೂ ಹಂತಗಳು ಹೆಚ್ಚುಕಡಿಮೆ ಒಂದೇ.

ಮೊದಲ ಹಂತ ಮೂಲದ ವಿಚಾರಣೆ. ಕೋಡ್ ಬರೆದವರು ಯಾರು ಯಾರು, ಆಗ ಅವರು ಎಲ್ಲಿ ಕೆಲಸದಲ್ಲಿದ್ದರು, ನಡುವೆ ಬಿಟ್ಟುಹೋದವರ ಪಾಲು ಎಷ್ಟು, ಬೇರೆಡೆಯಿಂದ ನಕಲಿಸಿ ಅಂಟಿಸಿದ ಭಾಗಗಳಿವೆಯೇ ಎಂಬ ಪ್ರಶ್ನೆಗಳು ಏಳುತ್ತವೆ. ಗಿಟ್‌ನಂಥ ಆವೃತ್ತಿ ನಿರ್ವಹಣಾ ವ್ಯವಸ್ಥೆಯಲ್ಲಿ ಮೊದಲ ದಿನದಿಂದ ಇತಿಹಾಸ ಉಳಿದಿದ್ದರೆ ಉತ್ತರ ಸುಲಭ. ಪೆನ್‌ಡ್ರೈವ್‌ನಲ್ಲಿ ಕೈ ಬದಲಾಯಿಸಿದ ಕೋಡಿಗೆ ಉತ್ತರ ಹುಡುಕುವುದು ಕಷ್ಟ.

ಎರಡನೆಯದು ಪತ್ರಗಳ ಹಂತ. ಅಪಾಚೆಯಲ್ಲಿ ವ್ಯಕ್ತಿಗಳು ವೈಯಕ್ತಿಕ ಕೊಡುಗೆದಾರ ಒಪ್ಪಂದಕ್ಕೆ, ಕಂಪನಿಗಳು ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಹೊರಗೆ ಬೆಳೆದ ಇಡೀ ತಂತ್ರಾಂಶವನ್ನು ಒಪ್ಪಿಸುವಾಗ ‘ಸಾಫ್ಟ್‌ವೇರ್ ಗ್ರಾಂಟ್’ ಎಂಬ ದಾನಪತ್ರ ಬೇಕು. ಈ ಪತ್ರಗಳನ್ನು ಪ್ರತಿಷ್ಠಾನದ ಕಾರ್ಯದರ್ಶಿ ಕಡತದಲ್ಲಿ ಇಡುತ್ತಾರೆ. ಎಕ್ಲಿಪ್ಸ್‌ನಲ್ಲಿ ‘ಎಕ್ಲಿಪ್ಸ್ ಕಾಂಟ್ರಿಬ್ಯೂಟರ್ ಅಗ್ರಿಮೆಂಟ್’ ಎಂಬುದು ಇದೇ ಕೆಲಸ ಮಾಡುತ್ತದೆ.

ಮೂರನೆಯದು ಯಂತ್ರದ ತಪಾಸಣೆ. ಫಾಸಾಲಜಿ, ಸ್ಕ್ಯಾನ್‌ಕೋಡ್‌ನಂಥ ಉಪಕರಣಗಳು ಪ್ರತಿ ಕಡತದಲ್ಲಿರುವ ಹಕ್ಕುಸ್ವಾಮ್ಯದ ಸಾಲು, ಪರವಾನಗಿಯ ಪಠ್ಯ, ಲೇಖಕರ ಹೆಸರು ಎಲ್ಲವನ್ನೂ ಹೆಕ್ಕಿ ಪಟ್ಟಿ ಮಾಡುತ್ತವೆ. ಅಪಾಚೆ ತನ್ನದೇ ಆದ ‘ರ್‍ಯಾಟ್’ ಎಂಬ ಉಪಕರಣದಿಂದ ಬಿಡುಗಡೆಗೆ ಮುನ್ನ ಪರವಾನಗಿಯ ಶಿರೋಲೇಖ ಇಲ್ಲದ ಕಡತಗಳನ್ನು ಪತ್ತೆ ಮಾಡುತ್ತದೆ. ಯಂತ್ರ ಅನುಮಾನವನ್ನು ಎತ್ತಿ ತೋರಿಸಬಲ್ಲದು, ತೀರ್ಮಾನ ಮನುಷ್ಯರದ್ದೇ.

ನಾಲ್ಕನೆಯದು ಪರವಾನಗಿಗಳ ಹೊಂದಾಣಿಕೆ, ಐದನೆಯದು ಟ್ರೇಡ್‌ಮಾರ್ಕಿನ ದೃಷ್ಟಿಯಿಂದ ಯೋಜನೆಯ ಹೆಸರಿನ ಪರಿಶೀಲನೆ. ಕೊನೆಯದು ದಾಖಲೆ. ತಂತ್ರಾಂಶದ ಜೊತೆಗೇ ‘ಲೈಸೆನ್ಸ್’ ಮತ್ತು ‘ನೋಟಿಸ್’ ಎಂಬ ಕಡತಗಳು ಹೋಗುತ್ತವೆ. ಯಾವ ಭಾಗ ಯಾರದ್ದು, ಯಾವ ಷರತ್ತಿನದ್ದು ಎಂದು ಬಳಸುವವರಿಗೆ ಅವು ತಿಳಿಸುತ್ತವೆ. ಈ ಮಾಹಿತಿಯನ್ನು ಯಂತ್ರವೂ ಓದುವಂತೆ ಬರೆಯುವ ‘ಎಸ್‌ಪಿಡಿಎಕ್ಸ್’ ಎಂಬ ಪದ್ಧತಿ 2021ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು.

ಪರವಾನಗಿಗಳ ಹೊಂದಾಣಿಕೆ

ಮುಕ್ತ ಪರವಾನಗಿಗಳೆಲ್ಲ ಒಂದೇ ಬಗೆಯವಲ್ಲ. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಪರವಾನಗಿಗಳು ಹೆಸರು ಉಳಿಸಿಕೊಂಡು ಹೇಗೆ ಬೇಕಾದರೂ ಬಳಸಿ ಎನ್ನುತ್ತವೆ. ಜಿಪಿಎಲ್ ತನ್ನ ಮೇಲೆ ಕಟ್ಟಿ ಹಂಚಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಿ ಎನ್ನುತ್ತದೆ. ಎರಡೂ ನ್ಯಾಯವಾದ ನಿಲುವುಗಳೇ, ಆದರೆ ಎಲ್ಲ ಕಡೆ ಒಟ್ಟಿಗೆ ಬೆರೆಯುವುದಿಲ್ಲ.

ಅಪಾಚೆ ಪ್ರತಿಷ್ಠಾನ ಹೊರಗಿನ ಪರವಾನಗಿಗಳನ್ನು ಮೂರು ಗುಂಪಾಗಿ ವಿಂಗಡಿಸಿದೆ. ‘ಎ’ ಗುಂಪಿನವನ್ನು ಮುಕ್ತವಾಗಿ ಸೇರಿಸಬಹುದು. ‘ಬಿ’ ಗುಂಪಿನ ಮೊಜಿಲ್ಲಾ, ಎಕ್ಲಿಪ್ಸ್ ಪರವಾನಗಿಗಳನ್ನು ಷರತ್ತಿನ ಮೇಲೆ ಬಳಸಬಹುದು. ‘ಎಕ್ಸ್’ ಗುಂಪಿನ ಜಿಪಿಎಲ್, ಎಲ್‌ಜಿಪಿಎಲ್ ಮೊದಲಾದವನ್ನು ಅಪಾಚೆಯ ಬಿಡುಗಡೆಯಲ್ಲಿ ಸೇರಿಸುವಂತಿಲ್ಲ. ಒಳ್ಳೆಯದಕ್ಕೆ ಬಳಸಿ, ಕೆಟ್ಟದ್ದಕ್ಕೆ ಬಳಸಬೇಡಿ ಎಂಬ ಒಂದೇ ವಾಕ್ಯವಿದ್ದ ಕಾರಣಕ್ಕೆ ಜೇಸನ್ ಪರವಾನಗಿಯೂ 2016ರಲ್ಲಿ ಈ ಗುಂಪಿಗೆ ಸೇರಿತು. ಮಾತು ಸಜ್ಜನಿಕೆಯದ್ದೇ, ಆದರೆ ಯಾವುದು ಕೆಟ್ಟದ್ದು ಎಂದು ಯಾರು ನಿರ್ಣಯಿಸಬೇಕು? ಫೇಸ್‌ಬುಕ್ ತನ್ನ ರಿಯಾಕ್ಟ್ ಲೈಬ್ರರಿಗೆ ಸೇರಿಸಿದ್ದ ಪೇಟೆಂಟ್ ಷರತ್ತನ್ನು ಅಪಾಚೆ 2017ರ ಜುಲೈನಲ್ಲಿ ನಿರಾಕರಿಸಿತು. ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಅದನ್ನು ಕೈಬಿಟ್ಟು ರಿಯಾಕ್ಟ್ ಅನ್ನು ಎಂಐಟಿ ಪರವಾನಗಿಗೆ ಬದಲಾಯಿಸಿತು. ಒಂದು ಪ್ರತಿಷ್ಠಾನದ ಶಿಸ್ತು ಜಗತ್ತಿನ ಎಲ್ಲ ಬಳಕೆದಾರರಿಗೂ ನೆರವಾದ ಸಂದರ್ಭ ಇದು.

ಭಾರತದ ಕಾನೂನು

1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ಬಂದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಹೀಗಾಗಿ ಕಾನೂನಿನ ಕಣ್ಣಿಗೆ ಕಾದಂಬರಿ, ಕವಿತೆ, ಕೋಡ್ ಒಂದೇ ಪಂಕ್ತಿಯಲ್ಲಿವೆ. ವ್ಯಕ್ತಿ ಬರೆದ ಕೋಡಿನ ಹಕ್ಕು ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ಉಳಿಯುತ್ತದೆ.

ಕೋಡ್ ಕೊಡುವವರು ಮೊದಲು ತಿಳಿಯಬೇಕಾದದ್ದು ಕಲಂ 17. ಉದ್ಯೋಗದ ಭಾಗವಾಗಿ ಬರೆದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ಉದ್ಯೋಗದಾತ. ಸರ್ಕಾರಿ ಕೃತಿಗೆ ಮೊದಲ ಒಡೆಯ ಸರ್ಕಾರ. ಹಗಲು ಕಂಪನಿಯಲ್ಲಿ ಬರೆದದ್ದನ್ನು ರಾತ್ರಿ ಮನೆಯಲ್ಲಿ ಕೂತು ಪ್ರತಿಷ್ಠಾನಕ್ಕೆ ಕಳಿಸಿದರೆ ಅದು ಇನ್ನೊಬ್ಬರ ಹೊಲ ದಾನ ಮಾಡಿದಂತೆ. ಮನೆಯಲ್ಲೇ, ಸ್ವಂತ ಲ್ಯಾಪ್‌ಟಾಪಿನಲ್ಲೇ ಬರೆದದ್ದಾದರೂ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಪತ್ರದಲ್ಲಿ ಏನಿದೆ ಎಂದು ಓದಿ ನೋಡಬೇಕು. ವಿದ್ಯಾರ್ಥಿ ಉದ್ಯೋಗಿಯಲ್ಲ, ಆದ್ದರಿಂದ ಕಲಂ 17ರ ಈ ನಿಯಮ ಅವನಿಗೆ ಅನ್ವಯಿಸುವುದಿಲ್ಲ. ಕಾಲೇಜಿನ ಬೌದ್ಧಿಕ ಆಸ್ತಿ ನೀತಿ ಏನು ಹೇಳುತ್ತದೆ ಎಂಬುದು ಬೇರೆ ಪ್ರಶ್ನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೆಳಗಾವಿಯಲ್ಲೇ. ಪ್ರಾಜೆಕ್ಟ್ ಕೋಡನ್ನು ಹೊರಜಗತ್ತಿಗೆ ಕೊಡಬಯಸುವ ಇಲ್ಲಿಯ ವಿದ್ಯಾರ್ಥಿಗಳು ತಮ್ಮ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಜೊತೆಗೆ ಬರೆದ ಗೆಳೆಯರ ಒಪ್ಪಿಗೆಯೂ ಬೇಕು, ನಾಲ್ವರು ಸೇರಿ ಬರೆದದ್ದನ್ನು ಒಬ್ಬರೇ ಕೊಡಲಾಗದು.

ಕಲಂ 19 ಮತ್ತು 30 ಇನ್ನೂ ಸೂಕ್ಷ್ಮ. ಹಕ್ಕಿನ ವರ್ಗಾವಣೆಯಾಗಲಿ ಪರವಾನಗಿಯಾಗಲಿ ಬರಹದಲ್ಲಿರಬೇಕು. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಅರ್ಥ ಮಾಡುತ್ತದೆ. ಕಲಂ 30ಎ ಮೂಲಕ ಈ ನಿಯಮಗಳು ಅಗತ್ಯ ಮಾರ್ಪಾಡಿನೊಂದಿಗೆ ಪರವಾನಗಿಗೂ ಅನ್ವಯಿಸುತ್ತವೆ. ಕೊಡುಗೆದಾರ ಒಪ್ಪಂದಗಳಲ್ಲಿ ‘ಶಾಶ್ವತ’, ‘ವಿಶ್ವವ್ಯಾಪಿ’ ಎಂಬ ಪದಗಳು ಏಕೆ ಇರುತ್ತವೆ ಎಂದು ಕೇಳುವವರಿಗೆ ಭಾರತದ ಮಟ್ಟಿಗೆ ಇದೇ ಉತ್ತರ. ಆ ಎರಡು ಪದಗಳಿಲ್ಲದ ಪತ್ರ ಐದು ವರ್ಷದ ಮೇಲೆ ವಿವಾದಕ್ಕೆ ಬಾಗಿಲು ತೆರೆಯಬಲ್ಲದು.

ಸಹಿ ಹಾಕುವವರ ವಯಸ್ಸೂ ಮುಖ್ಯ. 1872ರ ಕರಾರು ಕಾಯ್ದೆಯ ಕಲಂ 11ರಂತೆ ಪ್ರಾಪ್ತವಯಸ್ಕರು ಮಾತ್ರ ಕರಾರು ಮಾಡಬಲ್ಲರು. ಅಪ್ರಾಪ್ತರ ಕರಾರು ಮೊದಲಿನಿಂದಲೇ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1903ರ ಮೊಹರಿ ಬೀಬಿ ಪ್ರಕರಣದಲ್ಲಿ ಹೇಳಿತು. 16 ವರ್ಷದ ಹುಡುಗಿ ಬರೆದ ಕೋಡಿನ ಹಕ್ಕು ಅವಳದ್ದೇ, ಆದರೆ ಪತ್ರಕ್ಕೆ ಪೋಷಕರ ಸಹಿ ಬೇಕಾಗುತ್ತದೆ. ಎಲ್ಲ ತಿದ್ದುಪಡಿಗೂ ಹಕ್ಕು ಹುಟ್ಟುವುದಿಲ್ಲ ಎಂಬುದೂ ನಿಜ. ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ, ಬರಿಯ ಶ್ರಮ ಸಾಲದು, ಕೌಶಲ ಮತ್ತು ವಿವೇಚನೆಯ ಗುರುತು ಬೇಕು ಎಂದಿತು. ಒಂದು ಕಾಗುಣಿತದ ತಪ್ಪು ತಿದ್ದಿದವರಿಂದ ದೊಡ್ಡ ಪತ್ರ ಬರೆಸಿಕೊಳ್ಳುವ ಅಗತ್ಯ ಬೀಳದಿರುವುದು ಇದೇ ಬಗೆಯ ತರ್ಕದಿಂದ.

ಪೇಟೆಂಟ್ ವಿಷಯದಲ್ಲಿ 1970ರ ಕಾಯ್ದೆಯ ಕಲಂ 3(ಕೆ) ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ. ಆದರೆ ಪ್ರತಿಷ್ಠಾನದ ಕೋಡ್ ಹಲವು ದೇಶಗಳಲ್ಲಿ ಓಡುತ್ತದೆ. ಆದ್ದರಿಂದ ಅಪಾಚೆ ಪರವಾನಗಿಯಲ್ಲಿ ಕೊಡುಗೆದಾರರು ತಮ್ಮ ಕೊಡುಗೆಗೆ ತಗಲುವ ತಮ್ಮ ಪೇಟೆಂಟುಗಳ ಪರವಾನಗಿಯನ್ನೂ ಕೊಟ್ಟಿರುತ್ತಾರೆ.

ಕರ್ನಾಟಕದಿಂದ ಹೋದ ಕೊಡುಗೆಗಳು

ಬೆಂಗಳೂರಿನ ಇನ್‌ಮೊಬಿ ಕಂಪನಿಯ ಎಂಜಿನಿಯರುಗಳು ತಮ್ಮ ಅಗತ್ಯಕ್ಕೆ ಬೆಳೆಸಿದ ಎರಡು ತಂತ್ರಾಂಶಗಳು ಅಪಾಚೆಗೆ ಹೋದವು. ಭಾರೀ ದತ್ತಾಂಶ ಸಂಸ್ಕರಿಸುವ ಹಡೂಪ್ ವೇದಿಕೆಯ ಮೇಲಿನ ದತ್ತಾಂಶದ ಹರಿವನ್ನು ನಿರ್ವಹಿಸುವ ಮೊದಲನೆಯದಕ್ಕೆ ‘ಐವರಿ’ ಎಂದು ಹೆಸರಿತ್ತು. 2013ರಲ್ಲಿ ಅಪಾಚೆ ಇನ್‌ಕ್ಯುಬೇಟರ್ ಸೇರಿದ ಅದು ‘ಫಾಲ್ಕನ್’ ಹೆಸರಿನಲ್ಲಿ 2014ರ ಕೊನೆಗೆ ಪೂರ್ಣ ಯೋಜನೆಯಾಯಿತು. ಎರಡನೆಯದು ‘ಗ್ರಿಲ್’. ಅದು 2014ರಲ್ಲಿ ಒಳಹೊಕ್ಕು 2015ರಲ್ಲಿ ‘ಲೆನ್ಸ್’ ಎಂಬ ಹೆಸರಿನಲ್ಲಿ ಹೊರಬಂತು. ಇನ್‌ಕ್ಯುಬೇಟರ್ ಎಂಬುದು ಹೊಸ ಯೋಜನೆಗಳ ಪಾಲನಾಗೃಹ. ದಾನಪತ್ರ, ಕೊಡುಗೆದಾರರ ಒಪ್ಪಂದ, ಶಿರೋಲೇಖ ಬದಲಾವಣೆ, ಅವಲಂಬನೆಗಳ ಶುದ್ಧೀಕರಣ, ಹೆಸರಿನ ಹುಡುಕಾಟ ಎಲ್ಲವೂ ಅಲ್ಲಿ ಮುಗಿಯಬೇಕು.

ಇನ್ನಷ್ಟು ಬೋಧಪ್ರದವಾದದ್ದು ‘ಫಿನರಾಕ್ಟ್’ ಕಥೆ. ಬಡವರಿಗೆ ಸಾಲ ಕೊಡುವ ಕಿರುಹಣಕಾಸು ಸಂಸ್ಥೆಗಳ ಲೆಕ್ಕಪತ್ರಕ್ಕೆಂದು ಗ್ರಾಮೀಣ ಫೌಂಡೇಶನ್ ಆರಂಭಿಸಿದ ‘ಮಿಫೋಸ್’ ಇದರ ಮೂಲ. ಮುಂದಿನ ರೂಪವಾದ ಮಿಫೋಸ್ ಎಕ್ಸ್ ಕಟ್ಟುವುದರಲ್ಲಿ ಬೆಂಗಳೂರಿನ ಕಾನ್‌ಫ್ಲಕ್ಸ್ ಟೆಕ್ನಾಲಜೀಸ್‌ನ ಪಾಲು ದೊಡ್ಡದು. ಮೊಜಿಲ್ಲಾ ಪರವಾನಗಿಯಲ್ಲಿದ್ದ ಈ ವೇದಿಕೆ 2015ರ ಡಿಸೆಂಬರಿನಲ್ಲಿ ಅಪಾಚೆ ಇನ್‌ಕ್ಯುಬೇಟರ್ ಸೇರಿತು, 2017ರಲ್ಲಿ ಪೂರ್ಣ ಯೋಜನೆಯಾಯಿತು. ಪರಿಶೀಲನೆಯಲ್ಲಿ ಎದ್ದ ದೊಡ್ಡ ತೊಡಕು ದತ್ತಸಂಚಯದ ಜೊತೆ ಮಾತಾಡಲು ಬಳಸಿದ್ದ ಹೈಬರ್ನೇಟ್ ಲೈಬ್ರರಿ. ಅದರ ಪರವಾನಗಿ ಎಲ್‌ಜಿಪಿಎಲ್, ಅಪಾಚೆಯಲ್ಲಿ ‘ಎಕ್ಸ್’ ಗುಂಪು. ಹೈಬರ್ನೇಟ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೂ ತಂಡ ಅದನ್ನು ತೆಗೆದು ‘ಓಪನ್‌ಜೆಪಿಎ’ ಜೋಡಿಸಿತು. ಓಡುತ್ತಿರುವ ಗಾಡಿಯ ಅಚ್ಚು ಬದಲಿಸಿದಂಥ ಕೆಲಸವಿದು. ಫಲವಾಗಿ ಯಾವ ದೇಶದ ಯಾವ ಸಹಕಾರಿ ಸಂಘವೂ ಈಗ ಫಿನರಾಕ್ಟನ್ನು ಅಳುಕಿಲ್ಲದೆ ಬಳಸಬಹುದು, ತಿದ್ದಬಹುದು. ಸ್ತ್ರೀಶಕ್ತಿ ಗುಂಪುಗಳೂ ಪತ್ತಿನ ಸಂಘಗಳೂ ಊರೂರಿಗೆ ಇರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಇಂಥ ತಂತ್ರಾಂಶದ ಬೆಲೆ ವಿವರಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಗುರುತಿನ ವೇದಿಕೆ ಮೊಜಿಲ್ಲಾ ಪರವಾನಗಿ 2.0ರಲ್ಲಿ ಬಿಡುಗಡೆಯಾಗಿದೆ. ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿನ ವ್ಯವಸ್ಥೆಗೆ ಅದನ್ನು ಬಳಸಿದೆ. ಒಂದು ದೇಶದ ಜನರ ಗುರುತು ನಿಂತಿರುವ ಕೋಡಿನ ಒಡೆತನದಲ್ಲಿ ಅನುಮಾನಕ್ಕೆ ಎಡೆಯಿರಕೂಡದು.

ಕನ್ನಡದ ಫಾಂಟು ಮತ್ತು ಪಠ್ಯಗಳು

ಕನ್ನಡದ ಕೆಲಸ ಮಾಡುವವರಿಗೆ ಪರವಾನಗಿಯ ಪ್ರಶ್ನೆ ಹೆಚ್ಚಾಗಿ ಫಾಂಟಿನ ರೂಪದಲ್ಲಿ ಎದುರಾಗುತ್ತದೆ. ಫಾಂಟ್ ಕೂಡ ತಂತ್ರಾಂಶವೇ. ರೆಡ್ ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್ ಸರಣಿಯ ಫಾಂಟುಗಳು ಮೊದಲು ಜಿಪಿಎಲ್‌ನಲ್ಲಿದ್ದವು. ಜಿಪಿಎಲ್ ಫಾಂಟನ್ನು ಕಡತದೊಳಗೆ ಹುದುಗಿಸಿದರೆ ಆ ಕಡತಕ್ಕೂ ಷರತ್ತು ತಗಲುತ್ತದೆಯೇ ಎಂಬ ಶಂಕೆ ಇಂಥ ಫಾಂಟುಗಳಿಗೆಲ್ಲ ಇದ್ದದ್ದೇ. 2011ರಲ್ಲಿ ಲೋಹಿತ್ ಸರಣಿಯನ್ನು ಫಾಂಟುಗಳಿಗೆಂದೇ ರೂಪಿಸಿದ ಎಸ್‌ಐಎಲ್ ಓಪನ್ ಫಾಂಟ್ ಪರವಾನಗಿಗೆ ಬದಲಾಯಿಸಲಾಯಿತು. ಗೂಗಲ್‌ನ ನೋಟೊ ಫಾಂಟುಗಳೂ 2015ರಲ್ಲಿ ಅಪಾಚೆ ಪರವಾನಗಿಯಿಂದ ಇದೇ ಪರವಾನಗಿಗೆ ಬಂದವು. ಹೀಗೆ ಪರವಾನಗಿ ಬದಲಿಸಬಲ್ಲವರು ಒಡೆಯರು ಮಾತ್ರ. ಒಡೆಯರು ಯಾರೆಂದು ದಾಖಲೆಯಿಲ್ಲದ ಫಾಂಟ್ ಎಷ್ಟೇ ಸುಂದರವಾಗಿದ್ದರೂ ಇದ್ದಲ್ಲೇ ಉಳಿಯುತ್ತದೆ.

ಅನುವಾದಕ್ಕೂ ಇದೇ ನಿಯಮ. ಲಿಬ್ರೆಆಫೀಸ್‌ಗೆ ಕೊಡುಗೆ ಕೊಡುವವರು ತಮ್ಮ ಹಿಂದಿನ ಮತ್ತು ಮುಂದಿನ ಕೊಡುಗೆಗಳನ್ನು ಯೋಜನೆಯ ಜೋಡಿ ಪರವಾನಗಿಯಲ್ಲಿ ಬಳಸಬಹುದೆಂದು ಒಂದು ಹೇಳಿಕೆ ಕೊಡುತ್ತಾರೆ. ಕನ್ನಡಕ್ಕೆ ತಂದ ಪ್ರತಿ ಮೆನು, ಪ್ರತಿ ಎಚ್ಚರಿಕೆಯ ವಾಕ್ಯ ಬರೆದವರ ಕೃತಿಯೇ. ಕೋಡಿನ ಹೊರಗೂ ಈ ವಿವೇಕ ಕೆಲಸಕ್ಕೆ ಬಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಇಂದು ಕನ್ನಡ ವಿಕಿಪೀಡಿಯದಲ್ಲಿ ಸೇರಿ ಬೆಳೆಯುತ್ತಿರುವುದು, ವಿಶ್ವವಿದ್ಯಾನಿಲಯ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ಸಾಧ್ಯವಾಯಿತು.

ತುಕ್ಕಾನಟ್ಟಿಯ ನೆಲೆಯಿಂದ

ತುಕ್ಕಾನಟ್ಟಿಯಲ್ಲಿ ಬರ್ಡ್ಸ್ ಸಂಸ್ಥೆ ನಡೆಸುವ ಕೃಷಿ ವಿಜ್ಞಾನ ಕೇಂದ್ರವಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಜಾಲಕ್ಕೆ ಸೇರಿದ ಇಂಥ ಕೇಂದ್ರಗಳು ಸಂಶೋಧನೆಯನ್ನು ಹೊಲಕ್ಕೆ ತರುವ ಕೆಲಸ ಮಾಡುತ್ತವೆ. ಇಂಥ ಪರಿಸರದಲ್ಲಿ ಕಬ್ಬು, ಅರಿಷಿಣ, ಗೋವಿನಜೋಳದ ರೋಗ ಗುರುತಿಸುವ ಕನ್ನಡ ಆ್ಯಪ್ ಒಂದನ್ನು ಬರೆದು ಮುಕ್ತ ಪ್ರತಿಷ್ಠಾನಕ್ಕೆ ಕೊಡಬೇಕೆಂದು ಯಾರಾದರೂ ಹೊರಟರೆ ಎಷ್ಟು ಒಡೆತನಗಳು ಒಂದೆಡೆ ಸೇರುತ್ತವೆ ಎಂದು ಎಣಿಸಬಹುದು. ಕೋಡ್ ನೌಕರರದ್ದಾದರೆ ಹಕ್ಕು ಅವರ ಸಂಸ್ಥೆಯದ್ದು, ವಿದ್ಯಾರ್ಥಿಯದ್ದಾದರೆ ಅವನದ್ದು, ಹೊರಗಿನವರಿಗೆ ದುಡ್ಡು ಕೊಟ್ಟು ಬರೆಸಿದ್ದಾದರೆ ಕರಾರಿನಲ್ಲಿ ಇರುವಂತೆ. ರೋಗದ ಎಲೆಯ ಫೋಟೊ ತೆಗೆದ ರೈತನಿಗೆ ಆ ಫೋಟೊ ಮೇಲೆ ಹಕ್ಕಿದೆ. ಸಲಹೆಯ ಪಠ್ಯ ಯಾವುದೋ ಕೈಪಿಡಿಯಿಂದ ಬಂದಿದ್ದರೆ ಅದರ ಪ್ರಕಾಶಕರ ಒಪ್ಪಿಗೆ ಬೇಕು. ಸರ್ಕಾರದ ಮುಕ್ತ ದತ್ತಾಂಶ ಬಳಸಿದ್ದರೆ 2017ರ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿಯಂತೆ ಮೂಲವನ್ನು ಹೆಸರಿಸಬೇಕು. ಫಾಂಟಿಗೆ ಅದರದ್ದೇ ಪರವಾನಗಿ.

ಕೆಲಸ ಆರಂಭಿಸುವ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಯಾವುದು ಎಲ್ಲಿಂದ ಬಂತು ಎಂದು ಬರೆದಿಟ್ಟರೆ ಇದೆಲ್ಲ ಒಂದು ಸಂಜೆಯ ಕೆಲಸ. ಮೂರು ವರ್ಷ ಕಳೆದ ಮೇಲೆ, ಬರೆದವರು ಊರು ಬಿಟ್ಟ ಮೇಲೆ, ಫೋನ್ ನಂಬರು ಬದಲಾದ ಮೇಲೆ ಹುಡುಕಹೊರಟರೆ ತಿಂಗಳುಗಳೂ ಸಾಲವು.

ಬೀಜದ ವಿಷಯದಲ್ಲಿ ಭಾರತ ಇದೇ ನಿಯಮವನ್ನು ಕಾನೂನಾಗಿಸಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಕಲಂ 18ರಂತೆ, ಹೊಸ ತಳಿಯ ನೋಂದಣಿಗೆ ಅರ್ಜಿ ಹಾಕುವವರು ಅದರ ಮೂಲ ತಳಿಗಳ ವಿವರ ಕೊಟ್ಟು, ಆ ಸಸ್ಯಮೂಲವನ್ನು ಕಾನೂನುಬದ್ಧವಾಗಿ ಪಡೆದಿದ್ದೇವೆ ಎಂದು ಘೋಷಿಸಬೇಕು. ಯಾವ ಊರಿನ ಯಾವ ಬೀಜದಿಂದ ಈ ತಳಿ ಬಂತು ಎಂದು ಹೇಳುವುದು ಆ ಬೀಜ ಕಾಪಾಡಿಕೊಂಡು ಬಂದ ರೈತರಿಗೆ ಸಲ್ಲಿಸುವ ಗೌರವ. ಕೋಡಿನ ಮೂಲ ಹೇಳುವುದರಲ್ಲಿಯೂ ಅದೇ ಗೌರವ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 57 ಲೇಖಕರಿಗೆ ತಮ್ಮ ಹೆಸರಿನ ಹಕ್ಕನ್ನು ಕೊಟ್ಟಿದೆ, ಪರಿಶೀಲನೆ ಆ ಹೆಸರನ್ನು ಕಡತದಲ್ಲಿ ಉಳಿಸುತ್ತದೆ.

ಆಕ್ಷೇಪಗಳು ಮತ್ತು ಬದಲಾವಣೆಗಳು

ಈ ಕ್ರಮದ ಮೇಲೆ ಗಂಭೀರ ಆಕ್ಷೇಪಗಳಿವೆ. ಪರಿಶೀಲನೆ ನಿಧಾನ ಎಂಬುದು ಮೊದಲನೆಯದು. ಪತ್ರಗಳು ಇಂಗ್ಲಿಷಿನಲ್ಲಿ, ಅಮೆರಿಕದ ಕಾನೂನಿನ ಭಾಷೆಯಲ್ಲಿ ಇರುತ್ತವೆ. ವಕೀಲರಿಲ್ಲದ ಹಳ್ಳಿಯ ಕೊಡುಗೆದಾರರು ಹೆದರಿ ಹಿಂದೆ ಸರಿಯುತ್ತಾರೆ ಎಂಬುದು ಎರಡನೆಯದು. ಹಕ್ಕನ್ನೇ ಬರೆಸಿಕೊಂಡ ಕಂಪನಿ ಮುಂದೆ ಪರವಾನಗಿ ಬಿಗಿಗೊಳಿಸಬಹುದು ಎಂಬುದು ಮೂರನೆಯದು. ಮೂರರಲ್ಲೂ ಸತ್ಯವಿದೆ.

ಪ್ರತಿಷ್ಠಾನಗಳು ಇವಕ್ಕೆ ಕಿವಿಗೊಟ್ಟಿವೆ. ಎಕ್ಲಿಪ್ಸ್ 2019ರಲ್ಲಿ ತನ್ನ ನೀತಿ ಬದಲಿಸಿ, ಹೊರಗಿನ ಲೈಬ್ರರಿಗಳ ಮಟ್ಟಿಗೆ ಪರವಾನಗಿಯ ಹೊಂದಾಣಿಕೆಯನ್ನಷ್ಟೇ ನೋಡುವ ಹಗುರ ದಾರಿ ಹಿಡಿಯಿತು. ಗ್ನೂ ಕಂಪೈಲರ್ ಸಂಗ್ರಹ 2021ರಲ್ಲಿ ಹಕ್ಕು ವರ್ಗಾವಣೆಯ ಕಡ್ಡಾಯ ಬಿಟ್ಟು, ಲಿನಕ್ಸ್ ಮಾದರಿಯ ಘೋಷಣೆಯನ್ನೂ ಒಪ್ಪಿಕೊಂಡಿತು. ಭಾಷೆಯ ಅಡ್ಡಿ ಮಾತ್ರ ಉಳಿದಿದೆ. ಕೊಡುಗೆದಾರ ಒಪ್ಪಂದಗಳ ಅರ್ಥವನ್ನು ತಿಳಿಗನ್ನಡದಲ್ಲಿ ವಿವರಿಸುವ ಕೈಪಿಡಿಗಳು ಕಾಲೇಜುಗಳಿಗೂ ಗ್ರಂಥಾಲಯಗಳಿಗೂ ಬೇಕು. ಇದು ಕನ್ನಡದ ತಂತ್ರಜ್ಞರೂ ಕಾನೂನು ಬಲ್ಲವರೂ ಸೇರಿ ಮಾಡಬೇಕಾದ ಕೆಲಸ.

ಹೊಸ ಪ್ರಶ್ನೆ ಕೃತಕ ಬುದ್ಧಿಮತ್ತೆಯದ್ದು. ಯಂತ್ರ ಬರೆದ ಕೋಡ್ ಯಾರದ್ದು, ಅದು ಯಾರ ಕೋಡನ್ನು ಓದಿ ಬರೆಯಿತು? ಅಮೆರಿಕದಲ್ಲಿ, ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಮೇಲೆ 2022ರ ನವೆಂಬರಿನಲ್ಲಿ ಮೊಕದ್ದಮೆ ಹೂಡಲಾಯಿತು. ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಯೋಜನೆಗಳು 2024ರಲ್ಲಿ ಇಂಥ ಕೋಡಿಗೆ ಬಾಗಿಲು ಮುಚ್ಚಿದವು, ಅಪಾಚೆ ಷರತ್ತಿನೊಂದಿಗೆ ಒಪ್ಪುವ ಮಾರ್ಗಸೂಚಿ ಮಾಡಿದೆ. ಭಾರತದ ಕಾಯ್ದೆ ಕಂಪ್ಯೂಟರಿನಿಂದ ಉತ್ಪನ್ನವಾದ ಕೃತಿಗೆ, ಅದನ್ನು ಉಂಟುಮಾಡಿದ ವ್ಯಕ್ತಿಯೇ ಲೇಖಕ ಎನ್ನುತ್ತದೆ. ಆ ವ್ಯಾಖ್ಯೆ ಇಂದಿನ ಯಂತ್ರಗಳು ಬರುವ ಮುನ್ನ ಬರೆದದ್ದು. ಹಾಗಾಗಿ ಯಂತ್ರದ ನೆರವು ಪಡೆದವರು ಅದನ್ನು ಮುಚ್ಚಿಡದೆ ಹೇಳುವುದೇ ಸದ್ಯಕ್ಕೆ ಸರಿಯಾದ ನಡೆ.

ಮಹತ್ವ

ಬೆಂಗಳೂರಿನಿಂದ ಹೋದ ಫಾಲ್ಕನ್ 2019ರಲ್ಲಿ, ಲೆನ್ಸ್ 2020ರಲ್ಲಿ ಅಪಾಚೆಯ ‘ಆಟಿಕ್’ ಸೇರಿದವು. ಆಟಿಕ್ ಎಂದರೆ ನಮ್ಮ ಮನೆಗಳ ಅಟ್ಟ. ನಡೆಸುವವರಿಲ್ಲದ ಯೋಜನೆಗಳನ್ನು ಎತ್ತಿಡುವ ಜಾಗಕ್ಕೆ ಪ್ರತಿಷ್ಠಾನ ಇಟ್ಟ ಹೆಸರು ಅದು. ಅವುಗಳನ್ನು ಬರೆದವರು ಬೇರೆ ಕೆಲಸಗಳಿಗೆ ಹೋಗಿದ್ದಾರೆ. ಆದರೂ ಅಟ್ಟದ ಮೇಲಿನ ಆ ಕೋಡನ್ನು ಇಂದು ಬೆಳಗಾವಿಯ ವಿದ್ಯಾರ್ಥಿಯೊಬ್ಬಳು ಇಳಿಸಿಕೊಂಡು, ತನಗೆ ಬೇಕಾದ ಭಾಗ ತೆಗೆದು, ಹೊಸದೊಂದನ್ನು ಕಟ್ಟಬಹುದು. ಅಪಾಚೆ ಪರವಾನಗಿಯ ಪಠ್ಯ ಜೊತೆಗಿಟ್ಟು, ಹಳೆಯ ಹೆಸರುಗಳನ್ನು ಉಳಿಸಿಕೊಂಡು, ತಾನು ಬದಲಿಸಿದ ಕಡತಗಳಲ್ಲಿ ಅದನ್ನು ಸೂಚಿಸಿದರೆ ಸಾಕು, ಮತ್ತೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹತ್ತು ವರ್ಷದ ಹಿಂದೆ ಯಾರೋ ಕೂತು ದಾನಪತ್ರ ಓದಿ, ಶಿರೋಲೇಖ ತಿದ್ದಿ, ಪ್ರತಿ ಲೈಬ್ರರಿಯ ಪರವಾನಗಿ ನೋಡಿದ್ದರಿಂದ ಆಕೆಗೆ ಈ ಸ್ವಾತಂತ್ರ್ಯ ಸಿಕ್ಕಿದೆ.